ಬಾಕ್ಸ್ ಬದಲಿಸುವ ಮೊದಲು ವೈರ್ ನೋಡಿ ಸ್ವಾಮಿ

ಡ್ಯಾಶ್‌ಬೋರ್ಡಿನಲ್ಲಿ ಫೋರ್ ವೀಲ್ ಲೈಟ್ ಮಿಣುಕುತ್ತದೆ. ಸ್ವಿಚ್ ತಿರುಗಿಸಿದರೂ ಗಾಡಿ ಫೋರ್ ವೀಲ್‌ಗೆ ಬೀಳುವುದಿಲ್ಲ. ಶಿವಮೊಗ್ಗಕ್ಕೆ ಒಯ್ದರೆ ಸ್ಕ್ಯಾನರ್ ಸಿಕ್ಕಿಸಿ ನೋಡಿ, 'ಕಂಟ್ರೋಲ್ ಮಾಡ್ಯೂಲ್ ಹೋಗಿದೆ, ಹೊಸದು ಹಾಕಬೇಕು' ಎನ್ನುತ್ತಾರೆ. ತೋಟದ ಮನೆಗಳಿಂದ ನಮಗೆ ಮತ್ತೆ ಮತ್ತೆ ಬರುವ ದೂರು ಇದು. ನಾವು ನೇರವಾಗಿಯೇ ಹೇಳುತ್ತೇವೆ: ಇದು ದೋಷ ಪತ್ತೆಯಲ್ಲ, ಸಾಮಾನು ಮಾರಾಟ.

ಹಳೇ ಜೀಪಿನಲ್ಲಿ ಲಿವರ್ ಎಳೆದರೆ ಮುಗಿಯಿತು. ಈಗ ಸ್ವಿಚ್ಚಿನ ಮಾತನ್ನು ಮಾಡ್ಯೂಲ್ ಕೇಳಿಸಿಕೊಂಡು, ಟ್ರಾನ್ಸ್‌ಫರ್ ಕೇಸ್ ಮೇಲಿನ ಮೋಟರಿಗೆ ಹೇಳಬೇಕು. ಗೇರ್ ಸರಿಯಾಗಿ ಕೂತಿತೋ ಇಲ್ಲವೋ ಎಂದು ಸೆನ್ಸರ್ ವಾಪಸ್ ತಿಳಿಸಬೇಕು. ಈ ದಾರಿಯಲ್ಲಿ ಎಲ್ಲಿ ಕೆಟ್ಟರೂ ಉರಿಯುವುದು ಅದೇ ಲೈಟ್.

ಸ್ಕ್ಯಾನರಿನಲ್ಲಿ 'ಯು' ಅಕ್ಷರದಿಂದ ಶುರುವಾಗುವ ಕೋಡ್ ಬಂದರೆ, ಮಾಡ್ಯೂಲ್ ಜೊತೆ ಮಾತು ಕಡಿದಿದೆ ಎಂದಷ್ಟೇ ಅರ್ಥ. ಅಣ್ಣನ ಫೋನ್ 'ನಾಟ್ ರೀಚಬಲ್' ಅಂದರೆ ಅವನಿಗೆ ಹೊಸ ಫೋನ್ ಕೊಡಿಸುತ್ತೀರಾ?

ನಮ್ಮ ಕಡೆ ಗಾಡಿ ಬಾಳುವ ಪಾಡು ನೋಡಿ. ಮಳೆಗಾಲವಿಡೀ ಕೆಸರು. ಬೋರ್ಡೋಗೆ ಒಯ್ಯುವ ಮೈಲುತುತ್ತ ಹಿಂದುಗಡೆ ಚೆಲ್ಲಿರುತ್ತದೆ, ಅದು ಕಬ್ಬಿಣ ತಿನ್ನುತ್ತದೆ. ಶೆಡ್ಡಿನಲ್ಲಿ ಇಲಿ ವೈರ್ ಕಡಿಯುತ್ತದೆ. ಕನೆಕ್ಟರ್ ಪಿನ್ ಹಸಿರುಗಟ್ಟಿ, ಅರ್ಥ್ ಬೋಲ್ಟ್ ತುಕ್ಕು ಹಿಡಿದರೆ ಹೊಸ ಮಾಡ್ಯೂಲೂ ಕೆಲಸ ಮಾಡದು.

ಪರೀಕ್ಷೆಗೊಂದು ಕ್ರಮವಿದೆ. ಮೊದಲು ಬ್ಯಾಟರಿ: ಇಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಸುಮಾರು 12.6 ವೋಲ್ಟ್ ಇರಬೇಕು. ಆಮೇಲೆ ಫ್ಯೂಸ್. ಆಮೇಲೆ ಮಾಡ್ಯೂಲಿನ ಕನೆಕ್ಟರ್ ಬಿಚ್ಚಿ, ಅಲ್ಲಿಗೆ ಬರುವ ಕರೆಂಟ್ ಮತ್ತು ಅರ್ಥ್ ನಡುವೆ ಬಲ್ಬ್ ಉರಿಸಿ ನೋಡಬೇಕು. ಬರೀ ಮೀಟರ್ ನಂಬಬೇಡಿ, ಒಂದೇ ಎಳೆ ಉಳಿದ ವೈರ್ ಕೂಡ 12 ವೋಲ್ಟ್ ತೋರಿಸುತ್ತದೆ, ಬಲ್ಬ್ ಹಾಕಿದಾಗ ಬಣ್ಣ ಬಯಲು. ಇನ್ನು ಮಾಡ್ಯೂಲುಗಳು ಮಾತಾಡಿಕೊಳ್ಳುವ ಎರಡು ಹೆಣೆದ ವೈರುಗಳು. ಬ್ಯಾಟರಿ ಬಿಚ್ಚಿ ಅಳೆದರೆ ಹೆಚ್ಚಿನ ಗಾಡಿಗಳಲ್ಲಿ 60 ಓಮ್ ಸಿಗಬೇಕು. 120 ಬಂದರೆ ಎಲ್ಲೋ ತುಂಡಾಗಿದೆ. ಮೋಟರ್, ಸೆನ್ಸರ್ ಎರಡನ್ನೂ ನೋಡಿ, ಎಲ್ಲ ಸರಿಯಿದ್ದರೆ ಮಾತ್ರ ಮಾಡ್ಯೂಲ್ ಮೇಲೆ ಅನುಮಾನ.

ಇಷ್ಟನ್ನು ಮಾಡಬಲ್ಲ ಕೈಗಳು ಭದ್ರಾವತಿಯಲ್ಲಿವೆ. ಕಬ್ಬಿಣದ ಕಾರ್ಖಾನೆಯ ನೆರಳಲ್ಲಿ ಬೆಳೆದ ಊರದು, ಫಿಟ್ಟರ್ ಕೆಲಸ ಅಲ್ಲಿನವರಿಗೆ ಹೊಸತಲ್ಲ. ಅವರ ಕೈ ಕಟ್ಟಿರುವುದು ಬೇರೆ: ವೈರಿಂಗ್ ನಕ್ಷೆ ಕಂಪನಿಯ ಬಳಿ, ಹೊಸ ಮಾಡ್ಯೂಲನ್ನು ಗಾಡಿಗೆ ಹೊಂದಿಸುವ ಸಾಫ್ಟ್‌ವೇರ್ ಕೂಡ ಕಂಪನಿಯ ಬಳಿ. ಸುರಕ್ಷತೆಗಾಗಿ ಹೀಗೆ ಎನ್ನುತ್ತಾರೆ. ಹಾಗಾದರೆ ಬ್ರೇಕ್ ಬಿಚ್ಚಿ ಕೂರಿಸುವ ಮೆಕ್ಯಾನಿಕ್‌ಗೆ ಈ ನಕ್ಷೆ ಕೊಟ್ಟರೆ ಏನು ಅಪಾಯ?

ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ ಇದೇ ವಿಷಯಕ್ಕೆ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿ ದಂಡ ಹಾಕಿ, ಬಿಡಿಭಾಗ ಮತ್ತು ಪರೀಕ್ಷಾ ಸಲಕರಣೆ ಹೊರಗಿನ ಗ್ಯಾರೇಜಿಗೂ ಸಿಗಲಿ ಎಂದಿತ್ತು. ವಿಷಯ ಮೇಲ್ಮನವಿಗೆ ಹೋಯಿತು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿಗಾಗಿ ಸಮಿತಿ ಮಾಡಿತು. ವಾಹನ, ಕೃಷಿ ಉಪಕರಣ ಎರಡೂ ಅದರ ಪಟ್ಟಿಯಲ್ಲಿವೆ. ಪಟ್ಟಿ ಸಾಲದು, ಕಾನೂನು ಬರಲಿ.

ಅಲ್ಲಿಯವರೆಗೆ, ಮಾಡ್ಯೂಲ್ ಹೋಗಿದೆ ಎಂದವರಿಂದ ಕೋಡ್ ನಂಬರ್ ಮತ್ತು ಯಾವ ವೈರಿನಲ್ಲಿ ಎಷ್ಟು ವೋಲ್ಟ್ ಬಂತೆಂಬುದನ್ನು ಬರೆಸಿಕೊಳ್ಳಿ. ಬರೆದುಕೊಡದಿದ್ದರೆ ಗಾಡಿ ವಾಪಸ್ ತನ್ನಿ. ಸುಳ್ಳು ಹೇಳಿ ಸಾಮಾನು ಹಾಕಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಿ. ನೀವು ಕೊಟ್ಟ ಹಣ 5 ಲಕ್ಷ ರೂಪಾಯಿ ಒಳಗಿದ್ದರೆ ಅರ್ಜಿ ಶುಲ್ಕವಿಲ್ಲ. ಬಿಚ್ಚಿದ ಹಳೇ ಮಾಡ್ಯೂಲನ್ನು ಅಲ್ಲೇ ಬಿಟ್ಟುಬರಬೇಡಿ, ಕೇಸಿಗೆ ಅದೇ ಸಾಕ್ಷಿ.