ಕತ್ತರಿ ಬಿದ್ದ ಕಾರ್ಡಿಗೂ ಕೋಟಿ ಬೆಲೆ!

ಕೋಲ್ಕತಾ: ಈಡನ್ ಗಾರ್ಡನ್ಸ್ ಇರುವ ಈ ಊರಿನಲ್ಲಿ ಹಳೆಯ ಕ್ರಿಕೆಟ್ ಕಾರ್ಡು ಕಂಡರೆ ಕೈ ಜೇಬಿಗೆ ಹೋಗುವುದು ಸಹಜ. ಹಣ ಕೊಡುವ ಮುನ್ನ ಸಂಘದ ಸದಸ್ಯರು ಅಮೆರಿಕದ ಪ್ರಕರಣವೊಂದನ್ನು ಗಮನಿಸಬೇಕು.

ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್ ಅವರ ಚಿತ್ರವಿದ್ದ, ನೂರು ವರ್ಷ ಹಿಂದಿನ ಸಿಗರೇಟ್ ಕಾರ್ಡು 2007ರಲ್ಲಿ 28 ಲಕ್ಷ ಡಾಲರಿಗೆ ಮಾರಾಟವಾಯಿತು. ಪರೀಕ್ಷಕ ಸಂಸ್ಥೆ ಅದಕ್ಕೆ 10ರಲ್ಲಿ 8 ಅಂಕ ನೀಡಿತ್ತು. ಆದರೆ ಅದರ ಅಂಚು ಕತ್ತರಿಸಿದ್ದು ತಾನೇ ಎಂದು ಹರಾಜುದಾರ ಬಿಲ್ ಮಾಸ್ಟ್ರೋ 2013ರಲ್ಲಿ ಒಪ್ಪಿಕೊಂಡರು. ಹರಾಜು ವಂಚನೆಗಾಗಿ 2015ರಲ್ಲಿ ಅವರಿಗೆ 20 ತಿಂಗಳ ಸಜೆಯಾಯಿತು. ಅಂದರೆ ಪ್ರಮಾಣಪತ್ರವೊಂದನ್ನೇ ನಂಬಿದರೆ ಸಾಲದು.

ಅದೇ ಸರಣಿಯ ಇನ್ನೊಂದು ಕಾರ್ಡಿನೊಂದಿಗೆ ಅಳತೆ ಹೋಲಿಸಿ. ಮೈಯೆಲ್ಲ ಮಾಸಿದ್ದು ಅಂಚು ಮಾತ್ರ ಬೆಳ್ಳಗೆ, ಚೂಪಾಗಿದ್ದರೆ ಅನುಮಾನಿಸಿ. ಖೋಟಾ ನೋಟು ಪತ್ತೆಯ ನೇರಳೆ ದೀಪದಡಿ 1930ರ ದಶಕದ ಕಾಗದ ನೀಲಿಯಾಗಿ ಹೊಳೆಯಬಾರದು. ಹೊಳೆದರೆ ಅದು ಹೊಸ ಕಾಗದವೆಂಬ ಶಂಕೆ ಬಲವಾಗುತ್ತದೆ. ಭೂತಗನ್ನಡಿಯಲ್ಲಿ ಕಪ್ಪು ಅಕ್ಷರಗಳು ಬಣ್ಣದ ಚುಕ್ಕೆಗಳಾಗಿ ಒಡೆದರೂ ಹಾಗೆಯೇ.

ರಸೀದಿ ತಪ್ಪದೆ ಪಡೆಯಿರಿ. ಅಂಗಡಿಯವರು ಮೋಸ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರಬಹುದು. ಅಜ್ಜನ ಪೆಟ್ಟಿಗೆಯಲ್ಲಿ ಕಾರ್ಡು ಸಿಕ್ಕಿದರೆ, ಮೂಲೆ ಸವೆದಿದ್ದರೂ ಸರಿ, ಕತ್ತರಿ ಮಾತ್ರ ಮುಟ್ಟಿಸಬೇಡಿ.