ಚಿಕ್ಕಪ್ಪನ ಪಿಕಪ್ಪು, ತಮ್ಮನ ಹುಚ್ಚು, ಸೈನೈಡ್ ಗುಡ್ಡ

ಹೋದ ತಿಂಗಳು ಊರಿಗೆ ಹೋಗಿದ್ದೆ. ಊರು ಅಂದ್ರೆ ಮೈಸೂರು ಮೈನ್ಸ್. (ಹೆಸರು ಕೇಳಿದ ಕೂಡಲೇ "ಓ, ಅರಮನೆ ಹತ್ರಾನಾ?" ಅನ್ನೋರು ಈಗಲೂ ಇದ್ದಾರೆ. ಮೈಸೂರಲ್ಲ ಸ್ವಾಮಿ, ಕೆಜಿಎಫ್! ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಬೇಕು.)

ಮನೆ ಮುಂದೆ ಚಿಕ್ಕಪ್ಪನ ಟಾಟಾ 207 ನಿಂತಿತ್ತು. ನಿಂತಿತ್ತು ಅನ್ನೋದಕ್ಕಿಂತ ಕೂತಿತ್ತು ಅನ್ನಬೇಕು, ನಾಲ್ಕು ಟೈರಿಗೂ ಗಾಳಿ ಇರಲಿಲ್ಲ. ಚಿಕ್ಕಪ್ಪ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಕೈಗೆ ಬಂದಷ್ಟು ದುಡ್ಡಿಗೆ ಸಾಲ ಸೇರಿಸಿ ತಗೊಂಡ ಗಾಡಿ ಇದು. ಕೋಲಾರದ ಮಾರ್ಕೆಟ್ಟಿಗೆ ಟೊಮೇಟೊ ಹೊತ್ತು ಹೊತ್ತು ಇಬ್ಬರು ಮಕ್ಕಳನ್ನ ಓದಿಸಿತು. ಈಗ ಎಫ್‌ಸಿ ಇಲ್ಲ, ಬಾಡಿಗೆ ಇಲ್ಲ. ಗುಜರಿಯವನು ಬಂದು ಕೆ.ಜಿ. ಲೆಕ್ಕದಲ್ಲಿ ರೇಟು ಹೇಳಿ ಹೋಗಿದ್ದಾನೆ.

ತಮ್ಮ (ಚಿಕ್ಕಪ್ಪನ ಮಗ) ಬೇರೆ ಯೋಚನೆ ಇಟ್ಕೊಂಡಿದ್ದಾನೆ. ಮೊಬೈಲಲ್ಲಿ ವೀಡಿಯೋ ತೋರಿಸಿದ. ಅಮೆರಿಕದಲ್ಲಿ ಯಾರೋ ಹಳೆ ಪಿಕಪ್ಪನ್ನ ಕತ್ತರಿಸಿ, ಎತ್ತರಿಸಿ, ಆಳೆತ್ತರದ ಬಂಡೆಗಳ ಮೇಲೆ ಹಲ್ಲಿ ಥರ ಹತ್ತಿಸ್ತಿದ್ದಾರೆ. ರಾಕ್ ಕ್ರಾಲರ್ ಅಂತೆ. "ಅಣ್ಣಾ, ನಮ್ಮದನ್ನೂ ಹಂಗೇ ಮಾಡೋಣ. ಸೈನೈಡ್ ಗುಡ್ಡ ಹತ್ತಿಸಿದ್ರೆ ಹೆಂಗಿರುತ್ತೆ ಹೇಳು!"

ನಾನು ಇದಕ್ಕೆ ಅರ್ಧ ಒಪ್ತೀನಿ, ಅರ್ಧ ಜಗಳ ಆಡ್ತೀನಿ. ಅಲ್ಲಿ ಊಟದ ಹೊತ್ತಿಗೆ ಜಗಳ ನಿಂತುಹೋಯ್ತು, ಉಳಿದದ್ದನ್ನ ಇಲ್ಲಿ ಬರೀತಿದ್ದೀನಿ.

ಮೊದಲು ಗೇರಿನ ಲೆಕ್ಕ. ಬಂಡೆ ಹತ್ತೋದಕ್ಕೆ ಸ್ಪೀಡು ಬೇಡ, ದೊಡ್ಡ ಇಂಜಿನ್ನೂ ಅಷ್ಟಾಗಿ ಬೇಡ. ಬೇಕಾದ್ದು ನಿಧಾನ. ಮೊದಲ ಗೇರು, ಟ್ರಾನ್ಸ್‌ಫರ್ ಕೇಸಿನ ಲೋ ಗೇರು, ಆಕ್ಸಲ್ಲಿನ ಹಲ್ಲುಗಳು, ಈ ಮೂರರ ಅನುಪಾತ ಗುಣಿಸಿ. ಹಳೇ ಸಿಜೆ-3ಬಿ ಜೀಪಲ್ಲಿ 2.8 × 2.46 × 5.38, ಅಂದ್ರೆ ಸುಮಾರು 37. ಇಂಜಿನ್ 37 ಸುತ್ತು ತಿರುಗಿದ್ರೆ ಚಕ್ರ ಒಂದೇ ಸುತ್ತು. ನಿಮಿಷಕ್ಕೆ ಸಾವಿರ ಸುತ್ತಿನಲ್ಲಿ ಜೀಪು ಗಂಟೆಗೆ ನಾಲ್ಕು ಕಿಲೋಮೀಟರೂ ಹೋಗಲ್ಲ, ನಾವು ನಡೆದ್ರೆ ಅದಕ್ಕಿಂತ ಬೇಗ ಹೋಗ್ತೀವಿ. ಕೊಡಚಾದ್ರಿಗೆ ಜೀಪಲ್ಲಿ ಹೋದವರಿಗೆ ಈ ನಿಧಾನದ ಬೆಲೆ ಗೊತ್ತಿರುತ್ತೆ. ಪೂರಾ ಬಂಡೆಗಂತಲೇ ಕಟ್ಟಿದ ಗಾಡಿಗಳಲ್ಲಿ ಈ ಸಂಖ್ಯೆ ನೂರು ದಾಟುತ್ತೆ.

ನಮ್ಮ 207ರಲ್ಲಿ ಟ್ರಾನ್ಸ್‌ಫರ್ ಕೇಸೇ ಇಲ್ಲ. ಇಂಜಿನ್ನಿನ ಶಕ್ತಿ ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಗುಜರಿ ಜೀಪಿನ ಮುಂದಿನ ಆಕ್ಸಲ್ ತಂದು ಹಾಕ್ತೀನಿ ಅಂತಾನೆ ತಮ್ಮ. ಹಾಕಬಹುದು, ಆದ್ರೆ ಅದು ಹಗುರ ಗಾಡಿಗೆ ಮಾಡಿದ ಆಕ್ಸಲ್. ಇಷ್ಟು ಭಾರ ಹೊರಿಸಿ ಬಂಡೆ ಸಂದಿಯಲ್ಲಿ ತಿರುಗಿಸಿದ್ರೆ ಆಕ್ಸಲ್ ಶಾಫ್ಟ್ ಮುರಿಯೋದು ಗ್ಯಾರಂಟಿ. ಡಿಫರೆನ್ಷಿಯಲ್ ಇನ್ನೊಂದು ತಲೆನೋವು. ಒಂದು ಚಕ್ರ ಗಾಳಿಯಲ್ಲಿ ಎದ್ರೆ ಅದೇ ಸುಮ್ನೆ ತಿರುಗುತ್ತೆ, ನೆಲದ ಮೇಲಿರೋದು ಅಲ್ಲಾಡಲ್ಲ. ಲಾಕರ್ ಹಾಕಬೇಕು. ದುಡ್ಡಿಲ್ಲ ಅಂತ ಡಿಫರೆನ್ಷಿಯಲ್ಲಿನ ಒಳಗಿನ ಗೇರುಗಳನ್ನೇ ವೆಲ್ಡ್ ಮಾಡಿಬಿಡ್ತಾರೆ. ಬಂಡೆ ಮೇಲೆ ಸೊಗಸಾಗಿರುತ್ತೆ. ಟಾರು ರಸ್ತೆಗೆ ಬಂದ್ರೆ ತಿರುವಿನಲ್ಲಿ ಎರಡೂ ಚಕ್ರ ಒಂದೇ ವೇಗದಲ್ಲಿ ಸುತ್ತಿ ಗಾಡಿ ನೇರಕ್ಕೆ ನೂಕುತ್ತೆ. ಸ್ಪ್ರಿಂಗ್ ಪಟ್ಟಿಯನ್ನ ಆಕ್ಸಲ್ ಮೇಲೆ ಕೂರಿಸಿ ಎತ್ತರ ಮಾಡಿದ್ರೆ ಬ್ರೇಕ್ ಹೋಸು ಉದ್ದ ಬೇಕು, ಪ್ರೊಪೆಲ್ಲರ್ ಶಾಫ್ಟ್ ಬದಲಾಗ್ಬೇಕು, ಸ್ಟೀರಿಂಗ್ ರಾಡಿನ ಕೋನ ಕೆಡುತ್ತೆ. ಅದನ್ನ ಸರಿ ಮಾಡದೆ ಹೈವೇಗೆ ಇಳಿದ್ರೆ ಎದುರಿಗೆ ಬರೋನ ಗತಿ ಏನು?

ಅದಕ್ಕೇ ನನ್ನ ಮಾತು ಇಷ್ಟೇ: ಕಟ್ಟು, ಆದ್ರೆ ಕಟ್ಟಿದ ದಿನದಿಂದ ಅದು ರಸ್ತೆ ಗಾಡಿಯಲ್ಲ ಅಂತ ಒಪ್ಕೋ. ಕಾನೂನೂ ಅದನ್ನೇ ಹೇಳುತ್ತೆ. ಕಂಪನಿ ಕೊಟ್ಟ ಮೂಲ ವಿವರ ಬದಲಾಗೋ ಹಾಗೆ ಗಾಡಿಯನ್ನ ಮಾರ್ಪಡಿಸೋ ಹಂಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲಾ ಆರು ತಿಂಗಳ ತನಕ ಜೈಲು, ಇಲ್ಲಾ ಎರಡೂ. ಕೆಲವರು ಈ ಕಾನೂನನ್ನ ಬಯ್ತಾರೆ. ನಾನು ರಸ್ತೆ ವಿಷಯದಲ್ಲಿ ಬಯ್ಯಲ್ಲ. ಕ್ರಾಲರನ್ನ ಲಾರಿ ಮೇಲೆ ಹೇರಿಕೊಂಡು ಹೋಗಿ, ಒಡೆಯನ ಒಪ್ಪಿಗೆ ಇರೋ ಜಾಗದಲ್ಲಿ ಇಳಿಸಿ ಆಡಲಿ. ಆ ಜಾಗ ಎಲ್ಲಿ ಅನ್ನೋದೇ ಕಷ್ಟದ ಪ್ರಶ್ನೆ.

ಸೈನೈಡ್ ಗುಡ್ಡ ಅಂತೂ ಅಲ್ಲ! ಇಲ್ಲಿ ನನಗೆ ನಿಜವಾಗಿ ಸಿಟ್ಟು ಬರುತ್ತೆ. 2018ರಲ್ಲಿ "ಕೆಜಿಎಫ್" ಸಿನಿಮಾ ಬಂದ ಮೇಲೆ ರೀಲ್ಸ್ ಮಾಡೋಕೆ ಬರೋರಿಗೆ ಅದು ಮರುಭೂಮಿ ಥರ ಕಾಣುತ್ತೆ. ಮೊದಲನೇದಾಗಿ ಅದು ಬಂಡೆಯೇ ಅಲ್ಲ. ಅದಿರನ್ನ ಹಿಟ್ಟು ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ತೆಗೆದು, ಉಳಿದದ್ದನ್ನ ಸುರಿದ ರಾಶಿ. ಅಂಥವು 13 ಇವೆ, ಸಾವಿರ ಎಕರೆ ಮೇಲೆ. ಕ್ರಾಲರಿಗೆ ಅಲ್ಲಿ ಕೆಲಸವೇ ಇಲ್ಲ, ಚಕ್ರ ಹೂತುಕೊಳ್ಳುತ್ತೆ ಅಷ್ಟೆ. ಎರಡನೇದು, ಮಳೆ ಬಿದ್ದು ಒಣಗಿ ಮೇಲೊಂದು ಹೊಪ್ಪಳಿಕೆ ಕಟ್ಟಿರುತ್ತೆ. ದೊಡ್ಡ ಟೈರು ಅದನ್ನ ಕಿತ್ತರೆ ಕೆಳಗಿನ ಹಿಟ್ಟು ಗಾಳಿಗೆ ಎದ್ದು ಲೈನ್ ಮನೆಗಳೊಳಗೆ ಹೋಗುತ್ತೆ. ಗಾಳಿಗಾಲದಲ್ಲಿ ನಮ್ಮಮ್ಮ ಅನ್ನದ ಪಾತ್ರೆ ಮೇಲೆ ಎರಡೆರಡು ತಟ್ಟೆ ಮುಚ್ತಿದ್ದದ್ದು ನನಗೆ ನೆನಪಿದೆ. ಬೆಂಗಳೂರಿನಿಂದ ಬಂದು ಧೂಳೆಬ್ಬಿಸಿ ಸಂಜೆ ವಾಪಸ್ ಹೋಗೋರಿಗೆ ಆ ತಟ್ಟೆಗಳು ಕಾಣಲ್ಲ. ಆದ್ರೆ ನಮ್ಮ ಮನೆ ಹುಡುಗನಿಗೂ ಕಾಣಲ್ವಾ?

ಬಂಡೆಯೇ ಬೇಕಂದ್ರೆ ಕೋಲಾರ ಜಿಲ್ಲೆಯಲ್ಲಿ ಬಂಡೆಗೆ ಬರವಾ? ಕಲ್ಲು ತೆಗೆದು ಬಿಟ್ಟ ಒಂದು ಖಾಲಿ ಕ್ವಾರಿ, ನೀರು ನಿಲ್ಲದ್ದು, ಊರಿಂದ ದೂರ ಇರೋದು ಸಾಕು. ಅಲ್ಲಿ ಒಂದು ಟ್ರ್ಯಾಕ್ ಮಾಡಿ, ಫೀಸು ಇಟ್ಟು, ಆಂಬುಲೆನ್ಸ್ ನಿಲ್ಲಿಸಿ ಅಧಿಕೃತವಾಗಿ ನಡೆಸಬಹುದು. ಮಲೇಷ್ಯಾದಲ್ಲಿ ಹುಟ್ಟಿದ ರೈನ್‌ಫಾರೆಸ್ಟ್ ಚಾಲೆಂಜ್ 2014ರಲ್ಲಿ ಗೋವಾಕ್ಕೂ ಬಂತು. ಗಾಡಿ ಕಟ್ಟೋಕೆ ಬೇಕಾದ ಕೈಗಳು ನಮ್ಮಲ್ಲಿವೆ. ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದ ಚಾಂಪಿಯನ್ ರೀಫ್ ಗಣಿಯ ಮೆಷಿನ್ನುಗಳನ್ನ ಓಡಿಸಿಟ್ಟ ಊರು ಇದು. ಬಿಇಎಂಎಲ್ ಇದೆ. ಲೇತು, ವೆಲ್ಡಿಂಗು, ಗೇರು ಗೊತ್ತಿರೋರು ಬೀದಿಗೊಬ್ಬರಿದ್ದಾರೆ. ಆದ್ರೆ ಅವರ ಮಕ್ಕಳು ಬೆಳಗಿನ ಜಾವ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಬರ್ತಾರೆ. ತಂದೆ ಕೈಯಲ್ಲಿರೋ ಕೆಲಸ ಕಲಿಯೋಕೆ ಭಾನುವಾರ ಒಂದೇ ಉಳಿದಿರೋದು. ನಾನು ಅರ್ಧ ಒಪ್ಪಿದ್ದು ಇದಕ್ಕೇ.

ಇಷ್ಟೂ ಹೊತ್ತು ಚಿಕ್ಕಪ್ಪ ಮಾತೇ ಆಡಿರಲಿಲ್ಲ. ಹೊರಡೋ ಮುಂಚೆ ಕೇಳಿದೆ, "ಚಿಕ್ಕಪ್ಪ, ನೀವೇನಂತೀರಾ? ಗುಜರಿಗೆ ಹಾಕ್ತೀರಾ?"

"ಗುಜರಿಗೆ ಬೇಡಪ್ಪಾ" ಅಂದ್ರು. ಆಮೇಲೆ ಮಗನ ಕಡೆ ತಿರುಗಿ, "ಆ ಜೀಪಿನ ಆಕ್ಸಲ್ಲು ತರಬೇಡ, ತಡೆಯಲ್ಲ. ದಪ್ಪದ್ದು ಎಲ್ಲಿ ಸಿಗುತ್ತೆ ವಿಚಾರಿಸು" ಅಂದ್ರು.

ತಮ್ಮ ನನ್ನ ಕಡೆ ನೋಡಿ ನಕ್ಕ. ಸೈನೈಡ್ ಗುಡ್ಡದ ವಿಷಯ ಇನ್ನೂ ಇತ್ಯರ್ಥ ಆಗಿಲ್ಲ. ದೀಪಾವಳಿಗೆ ಹೋದಾಗ ಮತ್ತೆ ಜಗಳ ಇದೆ :)