ಮೀನಿಗೆ ಮೊದಲು ನೀರಿಗೆ ಹೆಪ್ಪು

ನನ್ನಿವಾಳಕ್ಕೂ ಕಡಲಿಗೂ ಬಲು ದೂರ. ನಕ್ಷೆಯ ಮೇಲೆ ನೇರ ಗೆರೆ ಎಳೆದರೂ ಹತ್ತಿರದ ಕರಾವಳಿ ಇನ್ನೂರು ಕಿಲೋಮೀಟರಿಗೂ ಆಚೆ. ಚಳ್ಳಕೆರೆ ತಾಲ್ಲೂಕಿನಲ್ಲಿ ಕುದಾಪುರವೇನೋ ಇದೆ. ಆದರೆ ಅದು ಕಡಲ ತಡಿಯ ಕುಂದಾಪುರವಲ್ಲ. ಒಂದು ಸೊನ್ನೆಯ ವ್ಯತ್ಯಾಸ, ನಡುವೆ ಇಡೀ ಪಶ್ಚಿಮ ಘಟ್ಟ! ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ಹದವಾದ ಮಳೆ ಬಂದರೆ ಶೇಂಗಾ, ಬಾರದಿದ್ದರೆ ಆಕಾಶ ನೋಡುತ್ತ ಕೂರುವುದು.

ಇಂಥ ಊರಿನ ಮನೆಯೊಂದರಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು, ಕಿತ್ತಳೆ ಮೈಯ ಬಿಳಿ ಪಟ್ಟೆಯ ಮೀನನ್ನು ಟೀವಿಯಲ್ಲಿ ಕಂಡು, ‘ಅಪ್ಪಾ, ನಮ್ಮನೇಲೂ ಸಮುದ್ರದ ಮೀನು ಸಾಕಾಣ’ ಎಂದು ಹಠ ಹಿಡಿದಳು ಎಂದಿಟ್ಟುಕೊಳ್ಳಿ. ‘ಕುಡಿಯೋ ನೀರಿಗೇ ಕ್ಯಾನು ಹಿಡಿದು ನಿಲ್ಲಬೇಕು, ಸಮುದ್ರ ಎಲ್ಲಿಂದ ತರಾದವ್ವಾ?’ ಎಂದು ಅಪ್ಪ ನಕ್ಕಾನು. ಆದರೂ ಪರೀಕ್ಷೆಯಲ್ಲಿ ಮಗಳು ಒಳ್ಳೆಯ ಅಂಕ ತಂದಳೆಂದು ಒಪ್ಪಿಬಿಡುತ್ತಾನೆ. ಬೆಂಗಳೂರಿಗೆ ಹೋದವನು ಗಾಜಿನ ತೊಟ್ಟಿ, ಸಮುದ್ರದ ಉಪ್ಪಿನ ಪೊಟ್ಟಣ, ಜೊತೆಗೆ ಐದು ಮೀನು, ಎಲ್ಲವನ್ನೂ ಒಂದೇ ದಿನ ತರುತ್ತಾನೆ. ರಾತ್ರಿಯೇ ನೀರು ತುಂಬಿಸಿ ಮೀನು ಬಿಡುತ್ತಾರೆ.

ಮರುದಿನ ನೀರು ತಿಳಿಯಾಗಿದೆ, ಮೀನು ಆಡುತ್ತಿವೆ. ಬೀದಿಯ ಮಕ್ಕಳೆಲ್ಲ ಬಂದು ನೋಡುತ್ತಾರೆ. ಮೂರನೆಯ ದಿನ ಒಂದು ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ವಾರ ಕಳೆಯುವ ಹೊತ್ತಿಗೆ ತೊಟ್ಟಿ ಖಾಲಿ. ಹುಡುಗಿ ಊಟ ಬಿಟ್ಟು ಮೂಲೆಯಲ್ಲಿ ಕೂತಿದ್ದಾಳೆ. ತಾನೇ ಕೊಂದೆನೆಂದು ಅವಳಿಗೆ ಅನ್ನಿಸಿದೆ.

ಮೀನಿಗೆ ರೋಗವಿರಲಿಲ್ಲ. ಉಪ್ಪು ಸರಿಯಿತ್ತು. ಆಹಾರ ಹಾಕಿದ್ದು ಪ್ರೀತಿಯಿಂದಲೇ. ಹಾಗಾದರೆ ತಪ್ಪಿದ್ದೆಲ್ಲಿ?

ಕುರಿ ರೊಪ್ಪದ ಘಾಟು

ಉತ್ತರ ತಿಳಿಯಲು ಬೆಳಗಿನ ಜಾವ ಕುರಿ ರೊಪ್ಪದೊಳಗೆ ಒಮ್ಮೆ ತಲೆ ಹಾಕಿದರೆ ಸಾಕು. ಮೂಗಿಗೆ ಅಡರಿ ಕಣ್ಣು ಉರಿಸುವ ಘಾಟು ಅಮೋನಿಯಾದ್ದು. ಮೀನುಗಳೂ ಇದನ್ನು ಹೊರಹಾಕುತ್ತವೆ, ಬಹುಪಾಲು ಕಿವಿರುಗಳ ಮೂಲಕವೇ. ತಿನ್ನದೆ ಬಿಟ್ಟ ಆಹಾರ ಕೊಳೆತಾಗಲೂ ಅಮೋನಿಯಾ ಬರುತ್ತದೆ. ಕಡಲು ಅಪಾರವಾದ್ದರಿಂದ ಅಲ್ಲಿ ಅದು ಲೆಕ್ಕಕ್ಕಿಲ್ಲ. ನೂರು ಲೀಟರಿನ ತೊಟ್ಟಿಯಲ್ಲಿ ಅದು ದಿನದಿಂದ ದಿನಕ್ಕೆ ಏರುತ್ತದೆ. ಬಣ್ಣವಿಲ್ಲದ್ದರಿಂದ ಕಣ್ಣಿಗೆ ಕಾಣುವುದಿಲ್ಲ. ನೀರು ತಿಳಿಯಾಗಿದ್ದಷ್ಟಕ್ಕೇ ಅದು ಒಳ್ಳೆಯ ನೀರಾಗುವುದಿಲ್ಲ.

ಉಪ್ಪುನೀರಿನಲ್ಲಿ ಈ ಅಪಾಯ ಇನ್ನೂ ಹೆಚ್ಚು. ಕಡಲ ನೀರು ಸ್ವಲ್ಪ ಕ್ಷಾರೀಯ. ಅದರ ಪಿಎಚ್ ಸುಮಾರು 8.2. ಪಿಎಚ್ 7 ಇರುವ ನೀರಿಗೆ ಹೋಲಿಸಿದರೆ, ಅಷ್ಟೇ ಅಮೋನಿಯಾ ಇಲ್ಲಿ ಹತ್ತು ಪಟ್ಟಿಗೂ ಹೆಚ್ಚಾಗಿ ವಿಷದ ರೂಪದಲ್ಲಿರುತ್ತದೆ. ನೀರು ಬಿಸಿಯಾದಷ್ಟೂ ಈ ಪಾಲು ಏರುತ್ತದೆ.

ಕುರಿ ಮಂದೆ ನಿಲ್ಲಿಸಿದ ಹೊಲದಲ್ಲೂ ಅಮೋನಿಯಾ ಸೇರುತ್ತದೆ; ಆದರೂ ಅಲ್ಲಿ ಬೆಳೆ ಹುಲುಸಾಗಿ ಬರುತ್ತದೆ. ಮಣ್ಣಿನಲ್ಲಿರುವ ಒಂದು ಜಾತಿಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಆಗಿ ಬದಲಿಸುತ್ತದೆ. ಇನ್ನೊಂದು ಜಾತಿ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಈ ನೈಟ್ರೇಟೇ ಪೈರಿನ ಊಟ. ಶೇಂಗಾ ಗಿಡ ಕಿತ್ತಾಗ ಬೇರಿನಲ್ಲಿ ಕಾಣುವ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಡುವ ಬ್ಯಾಕ್ಟೀರಿಯಾಗಳಿರುತ್ತವೆ ಎಂದು ಮಕ್ಕಳು ಪಾಠದಲ್ಲಿ ಓದಿರುತ್ತಾರೆ. ಅವು ಸಾರಜನಕವನ್ನು ಒಳಗೆ ತರುವ ಕೂಲಿಗಳಾದರೆ, ಇವು ಅದನ್ನು ಹಸನು ಮಾಡುವ ಕೂಲಿಗಳು. ಹೊಸ ತೊಟ್ಟಿಯಲ್ಲಿ ಇಲ್ಲದಿರುವುದು ಈ ಎರಡನೆಯ ಗುಂಪು. ಮನೆಗೆ ನೆಂಟರು ಬಂದಾಯಿತು. ಅಡುಗೆಮನೆ ಇನ್ನೂ ಕಟ್ಟಿಲ್ಲ, ಬಚ್ಚಲೂ ಇಲ್ಲ!

ಅಪ್ಪನ ತೊಟ್ಟಿ, ಮಗನ ಹೊಲ

ಕಡಲಿಲ್ಲದ ಊರಿನಲ್ಲಿ ಕಡಲು ಮಾಡುವ ಹಂಬಲ ಹೊಸದೇನಲ್ಲ. ಲಂಡನ್ನಿನ ರಸಾಯನ ವಿಜ್ಞಾನಿ ರಾಬರ್ಟ್ ವ್ಯಾರಿಂಗ್ಟನ್ 1850ರ ಸುಮಾರಿಗೆ ಎರಡು ಚಿನ್ನದ ಮೀನು, ಒಂದು ಜಲಸಸ್ಯ, ಒಂದಿಷ್ಟು ಬಸವನಹುಳುಗಳನ್ನು ಒಂದೇ ತೊಟ್ಟಿಯಲ್ಲಿಟ್ಟು, ಒಂದರ ಕಸ ಇನ್ನೊಂದರ ಆಹಾರವಾಗುವಂತೆ ಹೊಂದಿಸಬಹುದೆಂದು ತೋರಿಸಿದ. ಮುಂದೆ ಉಪ್ಪುನೀರಿನಲ್ಲೂ ಇದೇ ಪ್ರಯೋಗ ಮಾಡಿದ. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಗಾಸ್ ಎಂಬ ನಿಸರ್ಗಪ್ರೇಮಿ ಬರೆದ ಪುಸ್ತಕದಿಂದ ‘ಅಕ್ವೇರಿಯಂ’ ಎಂಬ ಪದ ಮನೆಮಾತಾಯಿತು. ಲವಣಗಳನ್ನು ಬೆರೆಸಿ ಕಡಲ ನೀರು ಮಾಡುವ ವಿಧಾನವನ್ನೂ ಆತ ಪ್ರಕಟಿಸಿದ.

ಕತೆಯ ಸ್ವಾರಸ್ಯ ಮುಂದಿದೆ. ವ್ಯಾರಿಂಗ್ಟನ್ನನ ಮಗನ ಹೆಸರೂ ರಾಬರ್ಟ್. ಆತ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮಣ್ಣಿನ ನೈಟ್ರೇಟ್ ಕುರಿತು ವರ್ಷಗಟ್ಟಲೆ ದುಡಿದ. ಅಮೋನಿಯಾ ನೈಟ್ರೇಟ್ ಆಗುವುದು ಎರಡು ಹಂತದಲ್ಲಿ, ಎರಡು ಬೇರೆ ಜೀವಿಗಳಿಂದ ಎಂದು ಕಂಡುಕೊಂಡ. 1890ರಲ್ಲಿ ರಷ್ಯದ ಸರ್ಗೇಯ್ ವಿನೊಗ್ರಾಡ್‌ಸ್ಕಿ ಆ ಜೀವಿಗಳನ್ನೇ ಬೇರ್ಪಡಿಸಿ ತೋರಿಸಿದ. ಅಪ್ಪನ ಮೀನುತೊಟ್ಟಿಯ ಒಗಟಿಗೆ ಉತ್ತರ ಸಿಕ್ಕಿದ್ದು ಮಗನ ಹೊಲದಲ್ಲಿ!

ಕಡಲು ಕಲಸುವ ಬಗೆ

ಮೊದಲು ತೊಟ್ಟಿ. ಚಿಕ್ಕದಾದರೆ ಸುಲಭ ಎಂಬುದು ತಪ್ಪು ಎಣಿಕೆ. ನೀರು ಹೆಚ್ಚಿದ್ದಷ್ಟೂ ತಪ್ಪುಗಳು ತಡೆದುಕೊಳ್ಳುತ್ತವೆ. ಮೂರು ಅಡಿ ಉದ್ದ, ಒಂದಡಿ ಅಗಲ, ಒಂದೂಕಾಲು ಅಡಿ ಎತ್ತರದ ತೊಟ್ಟಿ ನೂರು ಲೀಟರಿಗೆ ತುಸು ಹೆಚ್ಚು ಹಿಡಿಯುತ್ತದೆ. ಕಲಿಯುವವರಿಗೆ ಇದಕ್ಕಿಂತ ಚಿಕ್ಕದು ಬೇಡ. ತುಂಬಿದಾಗ ತೂಕ ನೂರು ಕಿಲೋ ದಾಟುವುದರಿಂದ ಕೆಳಗೆ ಗಟ್ಟಿ ಸ್ಟ್ಯಾಂಡ್ ಬೇಕು.

ನೀರಿನ ಮಾತಿಗೆ ಬಂದರೆ, ಚಿತ್ರದುರ್ಗ ಜಿಲ್ಲೆಯ ಬೋರ್‌ವೆಲ್ ನೀರಿನ ಗಡಸು, ಫ್ಲೋರೈಡ್ ಎಲ್ಲರಿಗೂ ಗೊತ್ತಿದ್ದದ್ದೇ. ಅದು ಇದಕ್ಕೆ ಒಗ್ಗದು. ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಲವಣ ಸೋಸಿ ಕೊಡುವ ನೀರು ವಾಸಿ. ಅಂದರೆ ಇಪ್ಪತ್ತು ಲೀಟರಿನ ಐದು ಕ್ಯಾನು.

ಕಡಲ ನೀರಿನ ಪ್ರತಿ ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ನೂರು ಲೀಟರಿಗೆ ಮೂರೂವರೆ ಕಿಲೋ ಆಯಿತು. ಅಡುಗೆ ಉಪ್ಪು ಇಲ್ಲಿ ನಡೆಯುವುದಿಲ್ಲ. ಕಡಲ ಲವಣದಲ್ಲಿ ಸೋಡಿಯಂ, ಕ್ಲೋರೈಡ್ ಎರಡೂ ಸೇರಿ ನೂರಕ್ಕೆ ಎಂಬತ್ತೈದು ಪಾಲು. ಉಳಿದದ್ದು ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮುಂತಾದವು. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಸಮುದ್ರ ಲವಣದ ಮಿಶ್ರಣವೇ ಆಗಬೇಕು. ಬಕೆಟ್ಟಿನಲ್ಲಿ ಕಲಸಿ, ಗಾಳಿಯ ಪಂಪು ಹಾಕಿ ಒಂದು ದಿನ ಬಿಡಬೇಕು. ಹೈಡ್ರೋಮೀಟರಿನಲ್ಲಿ ಸಾಪೇಕ್ಷ ಸಾಂದ್ರತೆ 1.023ರಿಂದ 1.025ರೊಳಗೆ ನಿಂತರೆ ನೀರು ಸಿದ್ಧ.

ತೊಟ್ಟಿಗೆ ಮರಳು, ರಂಧ್ರಗಳುಳ್ಳ ಒಣ ಕಲ್ಲು ಅಥವಾ ಸೆರಾಮಿಕ್ ತುಂಡುಗಳನ್ನು ಹಾಕಬೇಕು. ಬ್ಯಾಕ್ಟೀರಿಯಾ ಮನೆಮಾಡುವುದು ಇವುಗಳ ಮೇಲೆ. ಸಮುದ್ರದಿಂದ ಕಿತ್ತ ಹವಳದ ಕಲ್ಲು ಯಾರು ಕೊಟ್ಟರೂ ಬೇಡವೆನ್ನಬೇಕು. ಹವಳಗಳನ್ನೂ ಕಡಲಕುದುರೆಗಳನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಗೆ ತರಲಾಗಿದೆ. ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತಲಿನ ಹವಳ ಅಲ್ಲೇ ಇದ್ದರೆ ಚೆನ್ನ.

ಖಾಲಿ ತೊಟ್ಟಿಯ ಪಾಠ

ಇನ್ನು ಮುಂದಿನದೇ ಕಷ್ಟದ ಕೆಲಸ. ಏನೂ ಬಿಡದೆ ಕಾಯುವುದು.

ಹಾಲು ಮೊಸರಾಗಲು ಹೆಪ್ಪು ಬೇಕಲ್ಲ, ಹಾಗೆಯೇ ಇದಕ್ಕೂ. ಆರೋಗ್ಯವಂತ ಹಳೆಯ ಉಪ್ಪುನೀರಿನ ತೊಟ್ಟಿಯ ಫಿಲ್ಟರಿನಿಂದ ಒಂದು ತುಂಡು ಸ್ಪಂಜು ಸಿಕ್ಕರೆ ಅದೇ ಹೆಪ್ಪು. ಸಿಗದಿದ್ದರೂ ಬ್ಯಾಕ್ಟೀರಿಯಾ ತಾನಾಗಿ ಸೇರಿಕೊಳ್ಳುತ್ತದೆ, ತಡವಾಗುತ್ತದೆ ಅಷ್ಟೆ. ಅದಕ್ಕೆ ಊಟವಾಗಿ ದಿನವೂ ಒಂದು ಚಿಟಿಕೆ ಮೀನಿನ ಆಹಾರವನ್ನು ಖಾಲಿ ತೊಟ್ಟಿಗೆ ಹಾಕಬೇಕು. ನೋಡಿದವರು ನಕ್ಕರೆ ನಗಲಿ. ಆದರೆ ಮೊಸರಿನಂತೆ ಇದು ಒಂದೇ ರಾತ್ರಿಯಲ್ಲಿ ಆಗುವುದಿಲ್ಲ. ಹಾಲು ಹುಳಿಸುವ ಬ್ಯಾಕ್ಟೀರಿಯಾ ನಿಮಿಷಗಳ ಲೆಕ್ಕದಲ್ಲಿ ಇಮ್ಮಡಿಸಿದರೆ, ಇವಕ್ಕೆ ಹಲವು ಗಂಟೆ, ಎಷ್ಟೋ ಸಲ ಒಂದು ದಿನಕ್ಕೂ ಹೆಚ್ಚು ಬೇಕು. ಒಟ್ಟು ನಾಲ್ಕರಿಂದ ಆರು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ.

ಈ ದಿನಗಳಲ್ಲಿ ವಿದ್ಯಾರ್ಥಿಗಳಿಗೆ ಒಳ್ಳೆಯ ಕೆಲಸವಿದೆ. ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಮೂರನ್ನೂ ಅಳೆಯುವ, ಹನಿ ಹಾಕಿ ಬಣ್ಣ ನೋಡುವ ಪರೀಕ್ಷಾ ಕಿಟ್ಟುಗಳು ಸಿಗುತ್ತವೆ. ಎರಡು ದಿನಕ್ಕೊಮ್ಮೆ ಅಳೆದು ಗ್ರಾಫ್ ಹಾಳೆಯಲ್ಲಿ ಗುರುತಿಸಬೇಕು. ಮೊದಲು ಅಮೋನಿಯಾದ ಗೆರೆ ಏರಿ ಇಳಿಯುತ್ತದೆ. ಅದರ ಹಿಂದೆ ನೈಟ್ರೈಟ್ ಏರಿ ಇಳಿಯುತ್ತದೆ. ಕೊನೆಗೆ ನೈಟ್ರೇಟ್ ಏರತೊಡಗುತ್ತದೆ. ಆಹಾರ ಹಾಕಿದ ಮರುದಿನವೂ ಮೊದಲೆರಡು ಸೊನ್ನೆಯಲ್ಲೇ ಇದ್ದರೆ ತೊಟ್ಟಿ ಸಿದ್ಧವಾಯಿತು. ಆಗ ಅರ್ಧದಷ್ಟು ನೀರು ಬದಲಿಸಿ, ಸೇರಿದ ನೈಟ್ರೇಟನ್ನು ಕಡಿಮೆ ಮಾಡಬೇಕು. ಕುದಾಪುರದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ತರಬೇತಿ ಪಡೆದ ವಿಜ್ಞಾನ ಶಿಕ್ಷಕರು ರಾಜ್ಯದ ಅನೇಕ ಶಾಲೆಗಳಲ್ಲಿದ್ದಾರೆ. ಅಂಥ ಮೇಷ್ಟ್ರ ಮುಂದೆ ಈ ಗ್ರಾಫ್ ಹಿಡಿದರೆ ಒಂದು ಪಾಠವೇ ಆದೀತು.

ಹಿಂದೆ ಗಟ್ಟಿ ಜೀವದ ಮೀನೆರಡನ್ನು ಮೊದಲೇ ಬಿಟ್ಟು, ಅವು ನರಳುತ್ತಿರುವಾಗ ತೊಟ್ಟಿಯನ್ನು ಹದಗೊಳಿಸುವ ರೂಢಿ ಇತ್ತು. ಚಿಟಿಕೆ ಆಹಾರದಿಂದ ಆಗುವ ಕೆಲಸಕ್ಕೆ ಜೀವವೇಕೆ?

ಮೀನು ಬರುವ ದಿನ

ಮೊದಲ ಸಲ ಎರಡೇ ಮೀನು, ಅದೂ ಚಿಕ್ಕವು. ಕಿತ್ತಳೆ ಪಟ್ಟೆಯ ಕ್ಲೌನ್ ಮೀನಿನ ಎರಡು ಮರಿಗಳು ಇದಕ್ಕೆ ಒಪ್ಪುತ್ತವೆ. ಕಡಲಲ್ಲಿ ಹಿಡಿದದ್ದಕ್ಕಿಂತ ತೊಟ್ಟಿಯಲ್ಲೇ ಹುಟ್ಟಿದ ಮರಿ ಉತ್ತಮ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನಮ್ಮ ದೇಶದಲ್ಲೇ ಇವುಗಳನ್ನು ಮರಿ ಮಾಡಿಸುವ ವಿಧಾನ ರೂಪಿಸಿದ್ದಾರೆ. ಈ ಮೀನುಗಳಲ್ಲಿ ಬೆಳೆದವೆಲ್ಲ ಮೊದಲು ಗಂಡಾಗುತ್ತವೆ. ಜೋಡಿಯಲ್ಲಿ ದೊಡ್ಡದು ಮುಂದೆ ಹೆಣ್ಣಾಗುತ್ತದೆ. 2003ರ ‘ಫೈಂಡಿಂಗ್ ನಿಮೋ’ ಸಿನಿಮಾ ನೋಡಿದವರಿಗೆ ಇವು ಗುರುತಿನವೇ. ಅದೇ ಸಿನಿಮಾದ ನೀಲಿ ಟ್ಯಾಂಗ್ ಮಾತ್ರ ಒಂದಡಿವರೆಗೆ ಬೆಳೆಯುತ್ತದೆ. ಈ ತೊಟ್ಟಿ ಅದಕ್ಕೆ ಸೆರೆಮನೆ.

ಬೆಂಗಳೂರಿನಿಂದ ಬರುವ ಮೀನು ಐದಾರು ಗಂಟೆ ಪ್ಲಾಸ್ಟಿಕ್ ಚೀಲದಲ್ಲಿರುತ್ತದೆ. ಬಂದೊಡನೆ ಚೀಲವನ್ನು ಬಿಚ್ಚದೆ ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಿಬಿಡಬೇಕು. ಬಿಸಿ ತಂಪು ಸಮವಾದ ಮೇಲೆ ಬಿಚ್ಚಿ, ತೊಟ್ಟಿಯ ನೀರನ್ನು ಅರ್ಧ ಲೋಟದಂತೆ ಆಗಾಗ ಸೇರಿಸುತ್ತ ಅರ್ಧ ಗಂಟೆಯಲ್ಲಿ ಮುಗಿಸಬೇಕು. ಹೆಚ್ಚು ಹೊತ್ತು ಎಳೆಯಬಾರದು. ಚೀಲ ಬಿಚ್ಚಿದಾಗ ಇಂಗಾಲದ ಡೈ ಆಕ್ಸೈಡ್ ಹೊರಟುಹೋಗಿ ಪಿಎಚ್ ಏರುತ್ತದೆ, ಪ್ರಯಾಣದಲ್ಲಿ ಸೇರಿದ ಅಮೋನಿಯಾ ವಿಷವಾಗತೊಡಗುತ್ತದೆ. ಮೀನನ್ನು ಮಾತ್ರ ಬಲೆಯಲ್ಲಿ ಎತ್ತಿ ಬಿಟ್ಟು, ಚೀಲದ ನೀರನ್ನು ಹೊರಗೆ ಚೆಲ್ಲಬೇಕು. ಆ ದಿನ ದೀಪ ಬೇಡ, ಊಟ ಬೇಡ, ಗಾಜು ಬಡಿಯುವ ಗೆಳೆಯರೂ ಬೇಡ.

ಮತ್ತೆ ಮೀನು ತರಬೇಕೆಂದರೆ ಎರಡು ಮೂರು ವಾರ ತಡೆಯಬೇಕು. ಬ್ಯಾಕ್ಟೀರಿಯಾದ ಬಳಗ ಇದ್ದ ಅಮೋನಿಯಾಕ್ಕೆ ತಕ್ಕಷ್ಟೇ ಬೆಳೆದಿರುತ್ತದೆ. ಒಮ್ಮೆಲೇ ನಾಲ್ಕು ಬಾಯಿ ಹೆಚ್ಚಿದರೆ ಮೊದಲ ಕತೆಯೇ ಮರುಕಳಿಸುತ್ತದೆ. ಹೊಸ ಮೀನನ್ನು ಬೇರೆ ತೊಟ್ಟಿಯಲ್ಲಿ ನಾಲ್ಕು ವಾರ ಇಟ್ಟು ನೋಡಿದರೆ ಬಿಳಿಚುಕ್ಕೆ ರೋಗ ಒಳಗೆ ಬರುವುದಿಲ್ಲ. ಸಾಧು ಮೀನು ಮೊದಲು, ಜಗಳಗಂಟ ಕೊನೆಗೆ. ಡ್ಯಾಮ್ಸೆಲ್ ಮೀನು ಅಗ್ಗ, ಗಟ್ಟಿ. ಆದರೆ ಮೊದಲು ಬಂದರೆ ಇಡೀ ತೊಟ್ಟಿಗೆ ತಾನೇ ಗೌಡನೆನ್ನುತ್ತದೆ.

ಬಿಸಿಲು ಮತ್ತು ಕರೆಂಟು

ಚಳ್ಳಕೆರೆಯ ಬೇಸಿಗೆಯನ್ನು ಈ ಮೀನುಗಳು ತಾಳಲಾರವು. ಅವುಗಳಿಗೆ 24ರಿಂದ 27 ಡಿಗ್ರಿ ಹಿತ. ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಿದರೆ ಮಣ್ಣಿನ ಹೂಜಿಯಂತೆ ಕೆಲವು ಡಿಗ್ರಿ ತಂಪಾಗುತ್ತದೆ. ಒಣಹವೆಯ ಊರಿನಲ್ಲಿ ಈ ಉಪಾಯ ಚೆನ್ನಾಗಿ ಫಲಿಸುತ್ತದೆ. ಆದರೆ ನೀರು ಆವಿಯಾದರೂ ಉಪ್ಪು ಹಾಗೆಯೇ ಉಳಿಯುತ್ತದೆ. ಆದ್ದರಿಂದ ಗಾಜಿನ ಮೇಲೆ ಗೆರೆ ಹಾಕಿಕೊಂಡು, ಕಡಿಮೆಯಾದಷ್ಟನ್ನು ದಿನವೂ ಸಿಹಿನೀರಿನಿಂದಲೇ ತುಂಬಬೇಕು. ಕರೆಂಟು ಹೋದಾಗ ನೀರು ಉಸಿರುಗಟ್ಟುತ್ತದೆ; ಬ್ಯಾಟರಿಯ ಗಾಳಿಪಂಪು ಕೈಯಳತೆಯಲ್ಲಿರಬೇಕು. ವಾರಕ್ಕೊಮ್ಮೆ ಹತ್ತು ಲೀಟರ್ ನೀರು ಬದಲಿಸಬೇಕು.

ಇಷ್ಟನ್ನೂ ಲೆಕ್ಕ ಹಾಕಿದ ಮೇಲೆ, ಈ ವರ್ಷ ಬೇಡ ಎಂದು ಮನೆಯವರು ತೀರ್ಮಾನಿಸಿದರೆ ಅದೂ ಸರಿಯಾದ ತೀರ್ಮಾನವೇ. ಕುಡಿಯುವ ನೀರಿಗೆ ಪರದಾಡುವ ಬೇಸಿಗೆಯಲ್ಲಿ ಸಿಹಿನೀರಿನ ಪುಟ್ಟ ತೊಟ್ಟಿಯಲ್ಲಿ ನಾಲ್ಕು ಗಪ್ಪಿ ಸಾಕಬಹುದು. ಅಲ್ಲಿಯೂ ಅದೇ ಅಮೋನಿಯಾ, ಅದೇ ಹೆಪ್ಪು, ಅದೇ ಕಾಯುವಿಕೆ. ಅಲ್ಲಿ ಕಲಿತದ್ದು ಮುಂದೆ ಕಡಲಿಗೂ ಬರುತ್ತದೆ.

ನನ್ನಿವಾಳದ ಆ ಅಪ್ಪನಿಗೆ ಕಡಲು ಗೊತ್ತಿಲ್ಲದಿರಬಹುದು. ಆದರೆ ಶೇಂಗಾ ಬೀಜದ ಚೀಲ ಮನೆಗೆ ಬಂದ ಮಾತ್ರಕ್ಕೆ ಅವನು ಬಿತ್ತನೆಗೆ ಇಳಿಯುವುದಿಲ್ಲ. ಮಳೆ ಬಿದ್ದ ಮೇಲೂ ಒಂದು ಹಿಡಿ ಮಣ್ಣು ತೆಗೆದು ಅಮುಕಿ, ಹದ ಬಂದಿದೆಯೇ ಎಂದು ನೋಡುತ್ತಾನೆ. ತೊಟ್ಟಿಯ ನೀರಿಗೂ ಒಂದು ಹದವಿದೆ ಎಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಈಗ ಮಗಳು ಹೇಳಬಹುದು, ಕೈಯಲ್ಲಿ ಗ್ರಾಫ್ ಹಾಳೆ ಹಿಡಿದುಕೊಂಡು: ‘ಇನ್ನೂ ಎರಡು ವಾರ ತಡಿಯಪ್ಪಾ, ಹದ ಬಂದಿಲ್ಲ.’